ದುಡ್ಡು ಕೂಡಿಡುವ ಅಭ್ಯಾಸ ಹೇಗೆ ಬೆಳೆಯುತ್ತದೆ? ಸಂಬಳ ಬಂದ ದಿನದಿಂದ ಶುರು ಮಾಡೋಣ

ನಮ್ಮ ಅಕ್ಕನ ಮಗ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಗೆ ಸೇರಿ ಐದು ತಿಂಗಳಾಯಿತು. ಕೈಗೆ ಬರುವುದು 28,000. ಕಳೆದ ತಿಂಗಳು 19ನೇ ತಾರೀಖು ರಾತ್ರಿ ಫೋನ್ ಮಾಡಿ, "ಮಾವ, ಒಂದೆರಡು ಸಾವಿರ ಹಾಕ್ತೀರಾ? ಒಂದನೇ ತಾರೀಖು ಕೊಟ್ಬಿಡ್ತೀನಿ" ಅಂದ. ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಆಮೇಲೆ ಅವನು ಹೇಳಿದ ಮಾತು ಮಾತ್ರ ಮನಸ್ಸಿನಲ್ಲೇ ಉಳಿಯಿತು. ಶ್ರೀಮಂತರ ಥರ ಯೋಚನೆ ಮಾಡುವುದು ಹೇಗೆ ಅಂತ ಕಲಿಸುವ ಆನ್‌ಲೈನ್ ಕ್ಲಾಸಿಗೆ ಅದರ ಹಿಂದಿನ ತಿಂಗಳು 4,999 ಕಟ್ಟಿದ್ದನಂತೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು "ನಾನು ಕೋಟ್ಯಧಿಪತಿ" ಅಂತ 21 ದಿನ ಹೇಳಿಕೊಳ್ಳಬೇಕಂತೆ. ಒಂದು ದಿನವೂ ತಪ್ಪಿಸದೆ ಹೇಳಿಕೊಂಡಿದ್ದಾನೆ. ದುಡ್ಡು ಮಾತ್ರ ಎಂದಿನ ಹಾಗೆ ತಿಂಗಳ ಮಧ್ಯಕ್ಕೇ ಖಾಲಿ. "ನನ್ನ ಮೈಂಡ್‌ಸೆಟ್ಟೇ ಸರಿ ಇಲ್ಲ ಅನ್ಸತ್ತೆ ಮಾವ" ಅಂದ.

ಆ ಹುಡುಗನ ಮನಸ್ಸಿನಲ್ಲಿ ಯಾವ ದೋಷವೂ ಇಲ್ಲ. ಅವನ ಸಂಬಳ ಬ್ಯಾಂಕಿಗೆ ಬಂದು ಎಲ್ಲಿಗೆ, ಯಾವ ಕ್ರಮದಲ್ಲಿ ಹೋಗುತ್ತಿದೆ ಅನ್ನುವುದನ್ನು ಯಾರೂ ಅವನ ಜೊತೆ ಕೂತು ನೋಡಿಲ್ಲ, ಅಷ್ಟೆ. ಅವತ್ತು ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮೊದಲ ಸಂಬಳ ತೆಗೆದುಕೊಳ್ಳುತ್ತಿರುವ ಎಲ್ಲ ಹುಡುಗ ಹುಡುಗಿಯರಿಗೂ ಇದು ಬೇಕಾದ ವಿಷಯ.

ಆದಾಯ ಬೇರೆ, ಆಸ್ತಿ ಬೇರೆ

ಊರಿನ ಕೆರೆಯನ್ನು ನೆನಪು ಮಾಡಿಕೊಳ್ಳಿ. ಮಳೆಗೆ ಹರಿದು ಬರುವ ನೀರು ಆದಾಯ. ತೂಬಿನಿಂದ ಗದ್ದೆಗೆ ಹೋಗುವ ನೀರು ಖರ್ಚು. ಏರಿಯ ಒಳಗೆ ನಿಂತಿರುತ್ತದಲ್ಲ, ಅದು ಆಸ್ತಿ. ಮಳೆ ಎಷ್ಟೇ ಜೋರಾಗಿ ಬರಲಿ, ತೂಬು ಪೂರ್ತಿ ತೆರೆದೇ ಇದ್ದರೆ ಬೇಸಿಗೆ ಹೊತ್ತಿಗೆ ಕೆರೆಯ ತಳ ಕಾಣುತ್ತದೆ. ಲಕ್ಷ ರೂಪಾಯಿ ಸಂಬಳದವರೂ 25ನೇ ತಾರೀಖಿಗೆ ಕೈ ಬರಿದು ಮಾಡಿಕೊಂಡು ಕೂರುವುದು ಹೀಗೆ.

ನಿಮ್ಮ ಕೆರೆಯಲ್ಲಿ ಎಷ್ಟು ನೀರಿದೆ ಅಂತ ನೋಡುವ ಲೆಕ್ಕ ಸುಲಭ. ಬ್ಯಾಂಕಿನಲ್ಲಿರುವುದು, ಪಿಎಫ್, ಚಿನ್ನ, ಜಾಗ ಎಲ್ಲದರ ಬೆಲೆ ಕೂಡಿಸಿ. ಕೊಡಬೇಕಾದ ಸಾಲವನ್ನೆಲ್ಲ ಅದರಿಂದ ಕಳೆಯಿರಿ. ಉಳಿದದ್ದು ನಿವ್ವಳ ಆಸ್ತಿ. ಮೊದಲ ಕೆಲಸದಲ್ಲಿರುವವರಿಗೆ ಇದು ಸೊನ್ನೆಗಿಂತ ಕೆಳಗೂ ಇರಬಹುದು, ಗಾಬರಿ ಬೇಡ. ವರ್ಷಕ್ಕೊಂದು ಸಲ, ಯುಗಾದಿಗೋ ದೀಪಾವಳಿಗೋ ಕೂತು ಒಂದು ಹಾಳೆಯಲ್ಲಿ ಬರೆದಿಟ್ಟರೆ ಏರಿದೆಯೋ ಇಳಿದಿದೆಯೋ ಗೊತ್ತಾಗುತ್ತದೆ.

ಮೈಂಡ್‌ಸೆಟ್ ಅಂದರೆ ಏನು?

ಕನ್ನಡದಲ್ಲಿ ಮನೋಭಾವ ಅನ್ನಬಹುದು. ಒಂದು ವಿಷಯ ಎದುರಾದಾಗ ನಾವು ಯೋಚಿಸದೆಯೇ ಯಾವ ಕಡೆ ವಾಲುತ್ತೇವೋ ಅದು. ಕೈಯಲ್ಲಿ ದುಡ್ಡು ಬಂದ ತಕ್ಷಣ "ಏನು ತಗೊಳ್ಳೋಣ" ಅನ್ನಿಸುವುದು ಒಂದು ವಾಲಿಕೆ, "ಮೊದಲು ಎಲ್ಲಿಡೋಣ" ಅನ್ನಿಸುವುದು ಇನ್ನೊಂದು.

ಮೊದಲನೆಯ ವಾಲಿಕೆ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ. ಇವತ್ತಿನ ನೂರು ರೂಪಾಯಿ ಮುಂದಿನ ವರ್ಷದ ನೂರ ಇಪ್ಪತ್ತಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರಸ್ತೆಯಲ್ಲಿ ಹತ್ತಿರದ ಕರೆಂಟ್ ಕಂಬ ದೂರದ ಗುಡ್ಡಕ್ಕಿಂತ ಎತ್ತರ ಕಾಣುವುದಿಲ್ಲವೇ, ಹಾಗೆ.

ಇದಕ್ಕೆ ಕೊರತೆಯೂ ಸೇರಿದರೆ ಕಷ್ಟ ಇನ್ನೂ ಜಾಸ್ತಿ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕಟಾವಿಗೆ ಮೊದಲು, ಅಂದರೆ ಕೈಯಲ್ಲಿ ಕಾಸಿಲ್ಲದೆ ಸಾಲದಲ್ಲಿ ಓಡಾಡುತ್ತಿದ್ದ ದಿನಗಳಲ್ಲಿ, ಅವರಿಗೆ ಬುದ್ಧಿ ಉಪಯೋಗಿಸುವ ಕೆಲವು ಪರೀಕ್ಷೆ ಕೊಟ್ಟರು. ಕಟಾವಾಗಿ ದುಡ್ಡು ಬಂದ ಮೇಲೆ ಮತ್ತೆ ಕೊಟ್ಟರು. ಅದೇ ರೈತರು, ಅದೇ ತಲೆ. ದುಡ್ಡು ಬಂದ ಮೇಲಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ದುಡ್ಡಿನ ಚಿಂತೆಯೇ ತಲೆಯಲ್ಲಿ ಜಾಗ ಹಿಡಿದು ಕೂತಿರುತ್ತದೆ ಅನ್ನುವುದು ಅಧ್ಯಯನ ಮಾಡಿದವರ ವಿವರಣೆ. ಕಬ್ಬು ಕಾರ್ಖಾನೆಗೆ ಹಾಕಿ ಬಿಲ್ಲಿಗೆ ಕಾದು ಕೂತ ಮಂಡ್ಯದ ಮನೆಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ "ಬಡವರು ಬಡವರ ಥರ ಯೋಚಿಸುತ್ತಾರೆ, ಅದಕ್ಕೇ ಬಡವರು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ತಿರುಗಾಮುರುಗಾ ಹೇಳಿಕೆ. ಕೈಯಲ್ಲಿ ಸ್ವಲ್ಪ ಉಳಿದರೆ ಯೋಚನೆ ತಾನಾಗಿ ತಿಳಿಯಾಗುತ್ತದೆ. ಆ ಮೊದಲ ಸ್ವಲ್ಪವನ್ನು ಉಳಿಸುವುದು ಹೇಗೆ ಅನ್ನುವುದೇ ಪ್ರಶ್ನೆ.

ಸಾಸಿವೆ ಡಬ್ಬಿಯ ಕ್ರಮ

ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅಪ್ಪ ಸಂಬಳದ ಕವರ್ ತಂದು ಕೊಟ್ಟ ದಿನ ಅವರು ಮೊದಲು ಮಾಡುತ್ತಿದ್ದ ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಡುಗೆಮನೆಯ ಮೇಲಿನ ಅಟ್ಟಣಿಗೆಯಿಂದ ಸಾಸಿವೆ ಡಬ್ಬಿ ಇಳಿಸಿ, ಸಾಸಿವೆಯನ್ನು ಮೊರಕ್ಕೆ ಸುರಿದು, ಎರಡು ನೋಟನ್ನು ಬೀಡಿಯಷ್ಟು ಸಣ್ಣಗೆ ಸುತ್ತಿ ತಳಕ್ಕಿಟ್ಟು, ಮತ್ತೆ ಸಾಸಿವೆ ತುಂಬಿ, ಮುಚ್ಚಳ ಬಿಗಿ ಮಾಡಿ ಮೇಲಿಡುತ್ತಿದ್ದರು. ರೇಷನ್ನು, ಹಾಲಿನವನು, ಸ್ಕೂಲ್ ಫೀಸು ಎಲ್ಲ ಆಮೇಲೆ. ಆ ನೋಟು ಬೇಕು ಅಂದರೆ ಡಬ್ಬಿ ಇಳಿಸಿ ಸಾಸಿವೆ ಸುರಿಯಬೇಕು. ಸುಮ್ನೆ ಒಂದು ಸೀರೆ ನೋಡಿದೆ ಅಂತ ಯಾರೂ ಅಷ್ಟು ಕಷ್ಟ ಪಡುವುದಿಲ್ಲ.

ಇದರಲ್ಲಿ ಎರಡು ಗುಟ್ಟಿದೆ. ಒಂದು, ಉಳಿಸುವುದು ಖರ್ಚಿಗಿಂತ ಮೊದಲು ಆಗುತ್ತದೆ. ಎರಡು, ತೆಗೆಯುವುದು ತ್ರಾಸು. ತಿಂಗಳ ಕೊನೆಗೆ ಮಿಕ್ಕಿದ್ದನ್ನು ಉಳಿಸುತ್ತೇನೆ ಅಂದುಕೊಂಡವರಿಗೆ ಮಿಕ್ಕುವುದಿಲ್ಲ, ಯಾಕೆಂದರೆ ಖಾತೆಯಲ್ಲಿ ಕಣ್ಣಿಗೆ ಕಾಣುವ ದುಡ್ಡಿಗೆ ಖರ್ಚು ತಾನೇ ಹುಟ್ಟಿಕೊಳ್ಳುತ್ತದೆ.

ಈಗಿನ ಸಾಸಿವೆ ಡಬ್ಬಿಯ ಹೆಸರು ಆಟೋ ಡೆಬಿಟ್. ಸಂಬಳ ಬರುವ ದಿನದ ಮಾರನೇ ದಿನ ಇಷ್ಟು ದುಡ್ಡು ತಾನಾಗಿ ಆರ್‌ಡಿಗೋ ಪಿಪಿಎಫ್‌ಗೋ ಮ್ಯೂಚುವಲ್ ಫಂಡಿನ ಎಸ್‌ಐಪಿಗೋ ಹೋಗಲಿ ಅಂತ ಬ್ಯಾಂಕಿಗೆ ಒಂದು ಸಲ ಹೇಳಿದರೆ ಸಾಕು. ಆರ್‌ಡಿ ಅಂದರೆ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ತಿಂಗಳು ತಿಂಗಳು ಕಟ್ಟುವ ಠೇವಣಿ. ಪಿಪಿಎಫ್ ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ. ಮ್ಯೂಚುವಲ್ ಫಂಡ್ ಅಂದರೆ ಹಲವರ ದುಡ್ಡು ಸೇರಿಸಿ ಷೇರು, ಬಾಂಡುಗಳಲ್ಲಿ ಹಾಕುವುದು, ಅದಕ್ಕೆ ತಿಂಗಳು ತಿಂಗಳು ಕಟ್ಟುವ ಕಂತು ಎಸ್‌ಐಪಿ. ಪ್ರತಿ ತಿಂಗಳೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗಿಲ್ಲ.

ಇದನ್ನು ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋದವರು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ. ಒಂದು ಕಾರ್ಖಾನೆಯ ನೌಕರರಿಗೆ ಅವರು "ಇವತ್ತೇ ಉಳಿಸಿ" ಅನ್ನಲಿಲ್ಲ. "ಮುಂದೆ ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗಲಿ ಅಂತ ಈಗಲೇ ಸಹಿ ಹಾಕ್ತೀರಾ?" ಅಂತ ಕೇಳಿದರು. ಸೇರಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಕೈಗೆ ಬರುವ ಸಂಬಳ ಯಾವತ್ತೂ ಕಡಿಮೆಯಾದ ಹಾಗೆ ಕಾಣಲಿಲ್ಲ, ಹಾಗಾಗಿ ನೋವೂ ಆಗಲಿಲ್ಲ. ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮಮ್ಮನ ಡಬ್ಬಿಗೂ ಅವರ ಯೋಜನೆಗೂ ಮೂಲದಲ್ಲಿ ಒಂದೇ ತಿಳಿವಳಿಕೆ ಇದೆ ಅಂತ ನನಗೆ ಅನ್ನಿಸುತ್ತದೆ.

ಚೀಟಿಯೂ ಸಂಘವೂ ಯಾಕೆ ಕೆಲಸ ಮಾಡುತ್ತವೆ

ಒಬ್ಬರೇ ಉಳಿಸುವುದು ಕಷ್ಟ. ನಾಲ್ಕು ಜನ ಕಾಯುತ್ತಿದ್ದಾರೆ ಅಂದರೆ ಕೈ ತಾನಾಗಿ ದುಡ್ಡು ತೆಗೆಯುತ್ತದೆ. ಚೀಟಿ ನಿಂತಿರುವುದು ಇದರ ಮೇಲೆ.

20 ಜನ, ತಿಂಗಳಿಗೆ ತಲಾ 5,000, ಒಟ್ಟು 20 ತಿಂಗಳು ಅಂತ ಇಟ್ಟುಕೊಳ್ಳಿ. ಪ್ರತಿ ತಿಂಗಳೂ ಒಂದು ಲಕ್ಷ ಸೇರುತ್ತದೆ. ತುರ್ತು ಇರುವವರು ಕೂಗುತ್ತಾರೆ. "ನನಗೆ 80,000 ಸಾಕು" ಅಂದವರಿಗೆ ಆ ತಿಂಗಳ ಚೀಟಿ. ಬಿಟ್ಟುಕೊಟ್ಟ 20,000ದಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಅಂತ ಹಿಡಿದರೆ, ಮಿಕ್ಕ 15,000 ಇಪ್ಪತ್ತೂ ಜನಕ್ಕೆ 750ರಂತೆ ಹಂಚಿಕೆಯಾಗುತ್ತದೆ. ಬೇಗ ಎತ್ತಿದವರಿಗೆ ಅದು ಸಾಲ, ಕೊನೆಗೆ ಎತ್ತಿದವರಿಗೆ ಉಳಿತಾಯ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿರುವ ಚೀಟಿಗೂ ಬೀದಿ ಕೊನೆಯ ಮನೆಯಲ್ಲಿ ನಡೆಯುವ ಬಾಯಿಮಾತಿನ ಚೀಟಿಗೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ನಡೆಸುವವರು ರಾತ್ರೋರಾತ್ರಿ ಊರು ಬಿಟ್ಟರೆ ಕೈಯಲ್ಲಿ ಕಾಗದ ಇರುವುದಿಲ್ಲ. ಸೇರುವ ಮುಂಚೆ ನೋಂದಣಿ ಇದೆಯಾ ಅಂತ ಕೇಳಲು ನಾಚಿಕೆ ಪಡಬೇಡಿ.

ಹಳ್ಳಿಯ ಸ್ತ್ರೀಶಕ್ತಿ ಸಂಘಗಳಲ್ಲೂ ಇದೇ ಬಲ. ವಾರಕ್ಕೊಂದು ದಿನ ಸಭೆ, ಎಲ್ಲರ ಮುಂದೆ ದುಡ್ಡು ಕಟ್ಟುವುದು, ಪುಸ್ತಕದಲ್ಲಿ ಬರೆಯುವುದು. ನಮ್ಮ ಪಕ್ಕದ ಮನೆಯವರು ಗೃಹಲಕ್ಷ್ಮಿ ದುಡ್ಡಿಗೇ ಬೇರೆ ಖಾತೆ ಇಟ್ಟಿದ್ದರು. 2023ರ ಆಗಸ್ಟ್‌ನಲ್ಲಿ ಶುರುವಾದ ಆ ಯೋಜನೆಯ 2,000 ಬಂದಾಗಲೆಲ್ಲ ಮುಟ್ಟದೆ ಬಿಟ್ಟು, ಒಂದು ಹೊಲಿಗೆ ಮೆಷಿನ್ ತಗೊಂಡರು. ಈಗ ಬೀದಿಯ ಬ್ಲೌಸೆಲ್ಲ ಅವರ ಮನೆಗೇ ಹೋಗುತ್ತವೆ.

ಬಡ್ಡಿ ಎರಡೂ ಕಡೆ ಓಡುತ್ತದೆ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಚಕ್ರಬಡ್ಡಿ ಅಂದರೆ ಬಡ್ಡಿಗೂ ಬಡ್ಡಿ. ಹಸು ಕರು ಹಾಕಿತು, ಆ ಕರು ಬೆಳೆದು ಅದೂ ಕರು ಹಾಕಿತು ಅನ್ನುವ ಲೆಕ್ಕ. ಮೊದಲ ಕೆಲವು ವರ್ಷ ಕೊಟ್ಟಿಗೆ ಖಾಲಿಖಾಲಿ ಕಾಣುತ್ತದೆ, ಆಮೇಲೆ ಜಾಗ ಸಾಲುವುದಿಲ್ಲ.

ತಿಂಗಳಿಗೆ 3,000, ವರ್ಷಕ್ಕೆ ಶೇ 8 ಬೆಳವಣಿಗೆ ಅಂತ ಅಂದಾಜಿಗೆ ಹಿಡಿಯೋಣ. 25ನೇ ವಯಸ್ಸಿಗೆ ಶುರು ಮಾಡಿದವರಿಗೆ 55ಕ್ಕೆ ಸುಮಾರು 44.7 ಲಕ್ಷ ಆಗುತ್ತದೆ. 35ಕ್ಕೆ ಶುರು ಮಾಡಿದವರಿಗೆ ಅದೇ 55ಕ್ಕೆ ಸುಮಾರು 17.7 ಲಕ್ಷ. ಮೊದಲಿನವರು ಜಾಸ್ತಿ ಕಟ್ಟಿದ್ದು 3.6 ಲಕ್ಷ ಮಾತ್ರ. ಮಿಕ್ಕ ವ್ಯತ್ಯಾಸವೆಲ್ಲ ಆ ಹತ್ತು ವರ್ಷದ್ದು. ದುಡ್ಡು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸಿ. ಶೇ 8 ಆದರೆ 9 ವರ್ಷ.

ಇದರಲ್ಲಿ ಒಂದು ಹೂಳಿದೆ, ಬೆಲೆಯೇರಿಕೆ. ಕೆರೆಯಲ್ಲಿ ಹೂಳು ತುಂಬಿದರೆ ನೀರು ಮೊದಲಿನ ಮಟ್ಟದಲ್ಲೇ ಕಾಣುತ್ತದೆ, ಆದರೆ ಗದ್ದೆಗೆ ಸಾಲುವುದಿಲ್ಲ. ಬೆಲೆ ವರ್ಷಕ್ಕೆ ಶೇ 6 ಏರಿದರೆ, ಅದೇ 72ರ ಲೆಕ್ಕದಲ್ಲಿ, ಡಬ್ಬಿಯಲ್ಲಿಟ್ಟ ನೋಟಿನ ಬೆಲೆ 12 ವರ್ಷಕ್ಕೆ ಅರ್ಧ. ಅಮ್ಮನ ಕ್ರಮ ಸರಿ ಇತ್ತು, ಜಾಗ ಮಾತ್ರ ಡಬ್ಬಿಗಿಂತ ಒಳ್ಳೆಯದು ಬೇಕಿತ್ತು. ಅಂಚೆ ಕಚೇರಿಯ 5 ವರ್ಷದ ಆರ್‌ಡಿಯನ್ನು ತಿಂಗಳಿಗೆ 100 ರೂಪಾಯಿಯಿಂದಲೂ ಶುರು ಮಾಡಬಹುದು. ಶೇ 6.7ರ ದರದಲ್ಲಿ ತಿಂಗಳಿಗೆ 5,000 ಕಟ್ಟಿದರೆ 3 ಲಕ್ಷಕ್ಕೆ ಸುಮಾರು 3.57 ಲಕ್ಷ ಸಿಗುತ್ತದೆ. ಪಿಪಿಎಫ್ 15 ವರ್ಷದ್ದು, ವರ್ಷಕ್ಕೆ 500ರಿಂದ 1.5 ಲಕ್ಷದವರೆಗೆ ಕಟ್ಟಬಹುದು. 2020ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ 7.1ಕ್ಕೆ ಇಳಿಯಿತು. ಸರ್ಕಾರ ಈ ದರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಸೇರುವಾಗ ಒಮ್ಮೆ ವಿಚಾರಿಸಿ. ಪಿಪಿಎಫ್‌ಗೆ ತಿಂಗಳ 5ನೇ ತಾರೀಖಿನೊಳಗೆ ಕಟ್ಟಿದರೆ ಆ ತಿಂಗಳಿಗೂ ಬಡ್ಡಿ ಬರುತ್ತದೆ, 6ಕ್ಕೆ ಕಟ್ಟಿದರೆ ಇಲ್ಲ. ಎಸ್‌ಐಪಿಯಲ್ಲಿ ಹೆಚ್ಚು ಬೆಳೆಯುವ ಅವಕಾಶವಿದೆ, ಮಾರುಕಟ್ಟೆ ಬಿದ್ದರೆ ಅದೂ ಬೀಳುತ್ತದೆ. ಹತ್ತು ವರ್ಷ ಮುಟ್ಟದ ದುಡ್ಡಿಗೆ ಮಾತ್ರ ಅದು ಸರಿ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರ ಠೇವಣಿಗೆ ವಿಮೆ ಇರುವುದು 5 ಲಕ್ಷದವರೆಗೆ. 2020ರ ಫೆಬ್ರುವರಿಗೆ ಮೊದಲು ಅದು ಬರೀ 1 ಲಕ್ಷ ಇತ್ತು.

ಇನ್ನು ಸಾಲದ ಕಡೆ. ನಮ್ಮಲ್ಲಿ "ಮೂರು ರೂಪಾಯಿ ಬಡ್ಡಿ" ಅಂದರೆ ಎಷ್ಟೋ ಜನ ಶೇ 3 ಅಂತಲೇ ತಿಳಿಯುತ್ತಾರೆ. ಅದು ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ 36. ಶೇ 7ರ ಎಫ್‌ಡಿಯನ್ನು ಅದೇ ಭಾಷೆಯಲ್ಲಿ ಹೇಳಿದರೆ ಸುಮಾರು 58 ಪೈಸೆ ಬಡ್ಡಿ. ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಕಡೆ 58 ಪೈಸೆ ಗಳಿಸುತ್ತಾ ಇನ್ನೊಂದು ಕಡೆ ಮೂರು ರೂಪಾಯಿ ಕೊಡುತ್ತಾ ಇರುವವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ.

ಕ್ರೆಡಿಟ್ ಕಾರ್ಡಿನದ್ದೂ ಇದೇ ಕಥೆ. 40,000 ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಅಂದರೆ 1,400. ಅದರ ಮೇಲೆ ಶೇ 18 ಜಿಎಸ್‌ಟಿ 252. ನೀವು 2,000 ಕಟ್ಟಿದರೆ 1,652 ಅಲ್ಲೇ ಕರಗಿ, ಅಸಲಿನಲ್ಲಿ ಕಳೆಯುವುದು 348 ರೂಪಾಯಿ. ಅದಕ್ಕೇ ಜಾಸ್ತಿ ಬಡ್ಡಿಯ ಸಾಲ ಇದ್ದವರು ಮೊದಲು ಅದನ್ನು ತೀರಿಸಬೇಕು, ಉಳಿತಾಯ ಆಮೇಲೆ. ಶೇ 40ರ ಸಾಲ ತೀರಿಸುವುದು ಶೇ 40 ಗಳಿಸಿದ ಹಾಗೆಯೇ. ಕಿರು ಸಾಲದ ಕಂತು ಕಟ್ಟಲಾಗದೆ ಜನ ಮನೆಗೆ ಬೀಗ ಹಾಕಿ ಹೋಗುವ ಸ್ಥಿತಿ ಬಂದು, ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸುದ್ದಿಗಳನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಆಪತ್ತಿಗೆ ಅಂತ ಬೇರೆ ದುಡ್ಡು

ಕೂಡಿಟ್ಟದ್ದು ಒಂದೇ ಏಟಿಗೆ ಹೋಗುವುದು ಆಸ್ಪತ್ರೆಯಿಂದ ಅಥವಾ ಕೆಲಸ ಹೋದಾಗ. ಮೂರು ತಿಂಗಳ ಮನೆಖರ್ಚು ಬೇಕೆಂದ ತಕ್ಷಣ ಸಿಗುವ ಜಾಗದಲ್ಲಿರಲಿ, ಆಮೇಲೆ ಆರು ತಿಂಗಳಿಗೆ ಬೆಳೆಸಿ. ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ. ಎರಡಕ್ಕೂ 2 ಲಕ್ಷದ ರಕ್ಷಣೆ, ಬ್ಯಾಂಕ್ ಖಾತೆಯಿಂದಲೇ ಕಟ್ಟಾಗುತ್ತದೆ. ಕುಟುಂಬ ನಡೆಸುವವರಿಗೆ 2 ಲಕ್ಷ ಏನೇನೂ ಸಾಲದು, ಆದರೂ 456 ರೂಪಾಯಿಗೆ ಶುರು ಮಾಡಲು ಯಾರಿಗೂ ಕಷ್ಟವಿಲ್ಲ.

ಅಭ್ಯಾಸಕ್ಕೆ ಎಷ್ಟು ದಿನ ಬೇಕು?

21 ದಿನ ಅಂತ ಎಲ್ಲ ಕಡೆ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ನೋಡಿದಾಗ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ದಿನದ ಅಂದಾಜು. ನನಗೆ ಸಮಾಧಾನ ಕೊಟ್ಟದ್ದು ಅದರಲ್ಲೇ ಬರುವ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ. ಮಾರನೇ ದಿನ ಮುಂದುವರಿಸಿದರಾಯಿತು. 22ನೇ ದಿನ "ನನ್ನ ಕೈಲಾಗಲ್ಲ" ಅಂತ ಬಿಟ್ಟುಬಿಡುವ ಎಷ್ಟೋ ಜನಕ್ಕೆ ಇದು ಗೊತ್ತಿರಬೇಕಿತ್ತು.

ಹೊಸ ಅಭ್ಯಾಸವನ್ನು ಹಳೆಯದೊಂದಕ್ಕೆ ಗಂಟು ಹಾಕುವುದು ಸುಲಭದ ದಾರಿ. ರಾತ್ರಿ ಫೋನ್ ಚಾರ್ಜಿಗೆ ಹಾಕುವ ಮುಂಚೆ ಆ ದಿನದ ಖರ್ಚು ಬರೆಯುವುದು. ಎರಡು ನಿಮಿಷದ ಕೆಲಸ.

ಹುಡುಗನ ಲೆಕ್ಕ ಬಿಡಿಸಿದಾಗ

ಭಾನುವಾರ ಅವನು ಮನೆಗೆ ಬಂದಿದ್ದ. ಊಟ ಆದಮೇಲೆ ಚಾಪೆ ಮೇಲೆ ಕೂತು ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದೆವು. 19ನೇ ತಾರೀಖಿನೊಳಗೆ ಇನ್ನೂರು ರೂಪಾಯಿಗಿಂತ ಕಡಿಮೆಯ 96 ಪಾವತಿ. ಟೀ, ಗೋಬಿ, ಜ್ಯೂಸು, ಆಟೋ. ಒಟ್ಟು 7,200. ನೋಟು ಎಣಿಸಿ ಕೊಡುವಾಗ ಆಗುವ ಚುರುಕು ಫೋನ್ ತೋರಿಸಿ ಬೀಪ್ ಅನ್ನಿಸುವಾಗ ಆಗುವುದಿಲ್ಲ. ಅವನಿಗೇ ಆಶ್ಚರ್ಯ.

ಆದರೆ ನಾನು ಟೀ ಬಿಡು ಅನ್ನಲಿಲ್ಲ. ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುವ ಹುಡುಗ ಟೀ ಕುಡಿಯಲಿ. ಮೇಲಿನ ಸಾಲುಗಳನ್ನು ತೋರಿಸಿದೆ. ಪಿಜಿಗೆ 8,000, ಊರಿಗೆ 4,000, ಬೈಕಿನ ಕಂತು 5,600, ಫೋನಿನ ಕಂತು 3,200. ಸಂಬಳದ ಸುಮಾರು ಮೂರನೇ ಒಂದು ಪಾಲು, ಅಂದರೆ 8,800, ಎರಡು ಕಂತಿಗೇ ಹೋಗುತ್ತಿದೆ. ಸಣ್ಣ ಖರ್ಚಿನ ಮೇಲೆ ದಿನಾ ಯುದ್ಧ ಮಾಡುವುದಕ್ಕಿಂತ ಬಾಡಿಗೆ, ವಾಹನ, ಫೋನು, ಮದುವೆ ಅಂಥ ದೊಡ್ಡ ನಾಲ್ಕೈದು ತೀರ್ಮಾನ ಸರಿಯಾಗಿ ಮಾಡಿದರೆ ಜಾಸ್ತಿ ಉಳಿಯುತ್ತದೆ. ಮದುವೆಯೊಂದಕ್ಕೇ ಹತ್ತು ವರ್ಷದ ಉಳಿತಾಯ ಸುರಿದು ಮೇಲೆ ಸಾಲ ಮಾಡಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಉಳಿಸುವುದಕ್ಕೂ ಒಂದು ಮಿತಿ ಇದೆ, 28,000ದಲ್ಲಿ 28,000ಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಹಾಗಾಗಿ ಆದಾಯ ಏರುವ ದಾರಿಯೂ ಬೇಕು. ಅವನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಹೇಳಿದ ಹಾಗೆ ಓಡುವ ಸಿಎನ್‌ಸಿ ಮೆಷಿನ್ ನಡೆಸುವವರಿಗೂ ಅದಕ್ಕೆ ಪ್ರೋಗ್ರಾಂ ಬರೆಯುವವರಿಗೂ ಸಂಬಳದಲ್ಲಿ ಒಳ್ಳೆಯ ಅಂತರವಿದೆಯಂತೆ. ಪ್ರೋಗ್ರಾಮಿಂಗ್ ಕಲಿಸಲು ಸೀನಿಯರ್ ಒಬ್ಬರು ಶನಿವಾರ ಶಿಫ್ಟ್ ಮುಗಿದ ಮೇಲೆ ಒಂದು ಗಂಟೆ ಕೂರುತ್ತೇನೆ ಅಂದಿದ್ದಾರಂತೆ. 4,999 ಕೊಡದೆ ಸಿಗುವ ಕ್ಲಾಸು ಅದು.

ಅವತ್ತೇ ಚಾಪೆ ಮೇಲೆ ಕೂತು ಆರ್‌ಡಿ ಮಾಡಿಸಿದೆವು. ಅವನು 3,000 ಅಂದ. ಕಂತು, ಪಿಜಿ, ಊರಿನ ದುಡ್ಡು ಎಲ್ಲ ಕಳೆದು ನೋಡಿದಾಗ ಅದು ಬಿಗಿಯಾಗುತ್ತದೆ ಅನ್ನಿಸಿ 2,000ಕ್ಕೆ ಇಳಿಸಿದ. ತಿಂಗಳ 2ನೇ ತಾರೀಖು ಖಾತೆಯಿಂದ ಹೋಗುತ್ತದೆ. ಫೋನಿನ ಕಂತು ಫೆಬ್ರುವರಿಗೆ ಮುಗಿಯುತ್ತದೆ. ಆ 3,200 ಮಾರ್ಚ್‌ನಿಂದ ಪಿಪಿಎಫ್‌ಗೆ ಹೋಗಲಿ ಅಂತ ಅವನೇ ಹೇಳಿ, ಮಾರ್ಚ್ 1ಕ್ಕೆ ಫೋನಿನಲ್ಲಿ ರಿಮೈಂಡರ್ ಹಾಕಿಕೊಂಡ. ಒಳಗಿನಿಂದ ಅಮ್ಮ ಬಂದು, "ಏನೋ ಅದು, ಅಷ್ಟು ಹೊತ್ತಿಂದ ಮೊಬೈಲ್ ಒತ್ತುತ್ತಿದ್ದೀರಿ?" ಅಂತ ಕೇಳಿದರು. "ಅಜ್ಜಿ, ಸಾಸಿವೆ ಡಬ್ಬಿ ಮೇಲಿಡ್ತಿದ್ದೀವಿ" ಅಂದ ಹುಡುಗ.